‘ಮಾಡು’ ಎಂದದ್ದಕ್ಕೆ ಕೆಂಪು ಕಾರ್ಡು

ಪ್ರಭಾಕರನ್‌ಗೆ ಮಾತು ಕಡಿಮೆ ಎಂದು ಅವನ ಮಾಮನ ಮನೆಯವರೆಲ್ಲ ನಂಬಿದ್ದರು. ಮದುವೆಗೆ ಹೋಗಲಿ, ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೋಗಲಿ, ಹುಡುಗ ಒಂದು ಮೂಲೆ ಹಿಡಿದು ಕೂತು, ಯಾರು ಏನು ಕೇಳಿದರೂ ಮುಗುಳ್ನಕ್ಕು ತಲೆಯಾಡಿಸುತ್ತಿದ್ದ. ಒಮ್ಮೆ ಸಾವಿನ ಮನೆಯಲ್ಲೂ ಹಾಗೇ ಮುಗುಳ್ನಕ್ಕಿದ್ದ. ಅದನ್ನೂ ದೊಡ್ಡವರು ವೈರಾಗ್ಯದ ಲೆಕ್ಕಕ್ಕೆ ಹಾಕಿ ಮೆಚ್ಚಿಕೊಂಡರು. ನಿಜ ಸಂಗತಿ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ತಾಯಿ ಪೊನ್ನುತಾಯಿಗೆ ಮಾತ್ರ. ಹುಡುಗನಿಗೆ ಮಾತು ಕಡಿಮೆಯಿರಲಿಲ್ಲ, ಮನೆಮಾತು ಕಡಿಮೆಯಿತ್ತು.

ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆತನ ಅವರದು. ಆದರೆ ಇವನು ಬೆಳೆದದ್ದು ದಿಂಡಿಗಲ್ಲಿನ ನೂಲಿನ ಗಿರಣಿಯ ಕ್ವಾರ್ಟರ್ಸಿನಲ್ಲಿ. ಅವ್ವ ಕನ್ನಡದಲ್ಲಿ ಬೈಯುತ್ತಿದ್ದಳು, ಮಗ ತಮಿಳಿನಲ್ಲಿ ಎದುರಾಡುತ್ತಿದ್ದ, ಬೈಗುಳದ ಮಟ್ಟಿಗೆ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಕಿವಿಯಲ್ಲಿ ಹತ್ತಿದ ಕನ್ನಡ ನಾಲಗೆಗೆ ಬಂದು ಮುಟ್ಟುವ ಮೊದಲೇ, ಟೌನ್ ಬಸ್ಸಿನ ಪ್ರಯಾಣಿಕನ ಹಾಗೆ ನಡುವೆ ಎಲ್ಲೋ ಇಳಿದುಬಿಡುತ್ತಿತ್ತು.

ಈಗ ಅವನಿಗೆ ಉತ್ತಮಪಾಳಯದ ಒಂದು ದ್ರಾಕ್ಷಿ ಪ್ಯಾಕಿಂಗ್ ಷೆಡ್ಡಿನಲ್ಲಿ ಕೆಲಸ. ಗೊಂಚಲು ಎತ್ತಿ ತಿರುಗಿಸಿ ನೋಡಬೇಕು, ಹಣ್ಣು ಒಡೆದಿದ್ದರೆ ಪಕ್ಕಕ್ಕೆ ಹಾಕಬೇಕು. ಇಡೀ ಜಗತ್ತಿನಲ್ಲಿ ತನ್ನ ತೀರ್ಪಿಗೆ ತುಟಿಪಿಟಕ್ಕೆನ್ನದೆ ತಲೆಬಾಗುವುದು ದ್ರಾಕ್ಷಿ ಮಾತ್ರ ಎಂಬುದು ಅವನಿಗೆ ಬೇಗ ತಿಳಿಯಿತು. ತಿಳಿದೂ ತಿಳಿದೂ ಅವನು ರೆಫರಿಯಾದ. ಅದಕ್ಕೂ ಮೊದಲು ಗೋಲ್‌ಕೀಪರ್ ಆಗಿದ್ದವನು. ಕಾಲುಗಳ ನಡುವೆ ಚೆಂಡು ಹೋದಮೇಲೆ ತಿರುಗಿ ಅದನ್ನೇ ಗಂಭೀರವಾಗಿ ನೋಡುತ್ತಾ ನಿಲ್ಲುವುದು ಅವನ ಆಟದ ಶೈಲಿ. “ನಿನಗೆ ನೋಡುವುದು ಚೆನ್ನಾಗಿ ಬರುತ್ತದೆ ತಂಬಿ, ಅದನ್ನೇ ಉದ್ಯೋಗ ಮಾಡಿಕೋ” ಎಂದು ಕೋಚ್ ಬೆನ್ನು ತಟ್ಟಿ ತರಬೇತಿಗೆ ಕಳಿಸಿದ್ದ. ಸೀಟಿ ಸಿಕ್ಕ ವಾರ ಕನ್ನಡಿಯ ಮುಂದೆ ನಿಂತು ಎದೆಯ ಜೇಬಿನಿಂದ ಸರಕ್ಕನೆ ಕಾರ್ಡು ಎಳೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಗ, ಮಗನಿಗೆ ಎದೆನೋವು ಎಂದು ಪೊನ್ನುತಾಯಿ ಬಿಸಿನೀರು, ಓಮದ ಕಾಳು ಹಿಡಿದು ಓಡಿ ಬಂದಿದ್ದಳು.

ಬೋಡಿಯ ಏಲಕ್ಕಿ ವ್ಯಾಪಾರಿ ತಂಗರಾಜ್ ನಡೆಸುತ್ತಿದ್ದ ‘ಮೇಲ್ಮಲೆ ಲೀಗ್’ ವೃತ್ತಿಪರ ಫುಟ್ಬಾಲು. ಆಡಿದವರಿಗೆ ಕೂಲಿ ಸಿಗುತ್ತಿತ್ತು ಎಂಬ ಒಂದೇ ಅರ್ಥದಲ್ಲಿ ವೃತ್ತಿಪರ. ನೋಡುವವರು ಮಾತ್ರ ಎಲ್ಲ ಅರ್ಥದಲ್ಲೂ ವೃತ್ತಿಪರರು. ಟಿ.ವಿ.ಯಲ್ಲಿ ಯುರೋಪಿನ ಪಂದ್ಯ ನೋಡಿ ನೋಡಿ ಕಣಿವೆಯ ಜನ ಕಲಿತದ್ದು ಆಟವಲ್ಲ, ತಕರಾರು. ಬಾಳೆಗೊನೆ ಹೇರುವವನೂ ಗೊನೆ ಕೆಳಗಿಟ್ಟು, ಚೌಕಾಕಾರದಲ್ಲಿ ಗಾಳಿಯಲ್ಲಿ ಬೆರಳಾಡಿಸಿ, ವಿಡಿಯೋ ನೋಡು ಎಂದು ರೆಫರಿಗೆ ಸನ್ನೆ ಮಾಡುವ ಕಾಲ. ಮೇಲ್ಮಲೆ ಲೀಗಿನಲ್ಲಿ ವಿಡಿಯೋ ಎಂಬುದೇ ಇರಲಿಲ್ಲ. ಪ್ರಭಾಕರನ್ ಇದ್ದ.

ಇಂಥವನಿಗೆ ಹೆಣ್ಣು ಗೊತ್ತಾಯಿತು. ಪೊನ್ನುತಾಯಿಯ ತಮ್ಮ ಲಕ್ಷ್ಮಣನ್, ಕಂಬದಲ್ಲಿ ತೋಟವಿದ್ದವರು. ಅವರ ಮಗಳು ಅಭಿರಾಮಿ. ತೇನಿಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಹನಿ ನೋಡಿ ಮನುಷ್ಯನ ಹಣೆಬರಹ ಹೇಳುವವಳು, ಸಂಬಂಧದ ಮಾತು ಬಂದಾಗ ಅವಳು ಕೇಳಿದ್ದು ಒಂದೇ.

“ಬಾವುನಿಗೆ ನಮ್ಮ ಮಾತು ಬರ್ತದಾ ಅತ್ತೆ?”

“ಬರ್ದೆ ಏನು ಕಣ್ಣು,” ಎಂದಳು ಪೊನ್ನುತಾಯಿ. “ಬಾಯಿ ಬುಡದೆ ಇರಾದು ಅವುನ ಗುಣ, ಅಷ್ಟೆ.”

“ಮನೇಲಿ ತಮಿಳು ಮಾತಾಡೋ ಗಂಡ ಬೇಕು ಅಂದ್ರೆ ತೇನಿ ತುಂಬಾ ಅವ್ರೆ. ಅದ್ಕೆ ಅತ್ತೆ ಮಗ ಯಾಕೆ?”

ಅವ್ವನ ಪಕ್ಕದಲ್ಲೇ ಕೂತಿದ್ದ ಪ್ರಭಾಕರನ್ ಮುಗುಳ್ನಕ್ಕು ತಲೆಯಾಡಿಸಿದ. ಲೀಗಿನ ಫೈನಲ್ ಮುಗಿದ ಮೇಲೆ ನಿಶ್ಚಯ ಎಂದು ಮಾತಾಯಿತು. ಫೈನಲ್ ಏಕೆಂದರೆ, ಅಭಿರಾಮಿಯ ತಮ್ಮ ಸುಂದರ್ ‘ಕಂಬಂ ಕಾಳೈ’ ತಂಡದ ಮುಂಚೂಣಿ ಆಟಗಾರ. ಕಾಳೈ ಎಂದರೆ ಹೋರಿ; ಎದೆಯ ಮೇಲೆ ಅದರ ದೊಡ್ಡ ಚಿತ್ರವಿರುವ ಜರ್ಸಿ ತೊಟ್ಟು ಬಿರುಗಾಳಿಯಂತೆ ಓಡುವ ಹುಡುಗ.

ಸೆಮಿಫೈನಲ್ ಉತ್ತಮಪಾಳಯದಲ್ಲಿ. ಎದುರಾಳಿ ನಿಲಕ್ಕೋಟ್ಟೈನ ‘ಮಲ್ಲಿಗೆ’ ತಂಡ. ರೆಫರಿ ಪ್ರಭಾಕರನ್. ಪಂದ್ಯಕ್ಕೆ ಮುಂಚೆ ಅವನು ಸುಂದರನನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಕರೆದು ತಮಿಳಿನಲ್ಲಿ ಎಚ್ಚರಿಸಿದ: ಮೈದಾನದಲ್ಲಿ ಯಾವ ಕಾರಣಕ್ಕೂ ನನ್ನನ್ನು ಬಾವ ಎಂದು ಕರೆಯಕೂಡದು. ಸಂಬಂಧ ಗೊತ್ತಾದರೆ ನಿಲಕ್ಕೋಟ್ಟೈನವರು ನನ್ನನ್ನು ಹೂ ಕಟ್ಟಿದ ಹಾಗೆ ಕಟ್ಟಿಹಾಕುತ್ತಾರೆ.

“ಸೆರಿ ಬಾವಾ,” ಎಂದ ಸುಂದರ್.

“ಈಗಿಂದಲೇ.”

“ಸೆರಿ ಬಾ… ಸೆರಿ.”

ಈ ಒಂದು ‘ಬಾವ’ ಇದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಕಂಬಂ ಒಂದು ಗೋಲು ಮುಂದಿತ್ತು. ಪಂದ್ಯ ಮುಗಿಯುತ್ತ ಬಂದಾಗ ಸುಂದರ್ ಹೊಡೆದ ಚೆಂಡು ನಿಲಕ್ಕೋಟ್ಟೈನ ಆಟಗಾರನೊಬ್ಬನ ಮೊಣಕೈಗೆ ಬಡಿಯಿತು, ಅದೂ ಗೋಲಿನ ಎದುರಿನ ಪೆಟ್ಟಿಗೆಯೊಳಗೆ. ಇಡೀ ಮೈದಾನ ನೋಡಿತು. ನೋಡುವುದನ್ನೇ ಉದ್ಯೋಗ ಮಾಡಿಕೊಂಡವನು ಆ ಕ್ಷಣದಲ್ಲಿ ಬೇವಿನ ಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದ ಅಭಿರಾಮಿಯನ್ನು ನೋಡುತ್ತಿದ್ದ. ಸುಂದರ್ ಪೆನಾಲ್ಟಿಯ ಚುಕ್ಕೆಗೆ ಕೈತೋರಿಸುತ್ತ ಎದುರಿಗೆ ಓಡಿ ಬಂದ. ನಾಲಗೆಯ ತುದಿಗೆ ಬಂದ ‘ಬಾವ’ನನ್ನು ನುಂಗಿಕೊಂಡ. ಉಳಿದದ್ದು ಒಂದೇ ಮಾತು.

“ಮಾಡು. ಮಾಡು.”

ಅವರ ಮನೆಮಾತಿನಲ್ಲಿ ಅದು ‘ಕೊಡು, ತೀರ್ಪು ಮಾಡು’. ತಮಿಳಿನಲ್ಲಿ ಮಾಡು ಎಂದರೆ ದನ. ಮನುಷ್ಯನಿಗೆ ಹಾಗಂದರೆ ಬುದ್ಧಿಯಿಲ್ಲದ ಎತ್ತು ಎಂದು ಬೈದಂತೆ. ಸುಂದರ್ ಕೇಳಿದ್ದು ಪೆನಾಲ್ಟಿ. ಪ್ರಭಾಕರನ್ ಕೇಳಿಸಿಕೊಂಡದ್ದು ದನ. ಅದೂ ಎರಡು ಸಲ, ಜೋಡಿ ಎತ್ತು. ಪಕ್ಕದಲ್ಲಿದ್ದ ನಿಲಕ್ಕೋಟ್ಟೈನ ಗೋಲ್‌ಕೀಪರ್ ಕಿಸಕ್ಕನೆ ನಕ್ಕ. ಕನ್ನಡಿಯ ಮುಂದೆ ಕಲಿತ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಕೆಂಪು ಕಾರ್ಡು ಸರಕ್ಕನೆ ಬಂತು, ಅಭ್ಯಾಸದಲ್ಲಿ ಒಂದು ಸಲವೂ ಬಂದಿರದಷ್ಟು ಚೆನ್ನಾಗಿ.

ಸುಂದರ್ ಬಾಯಿ ತೆರೆದ. ಏನು ಹೇಳಲು ಹೋದರೂ ‘ಬಾವಾ’ದಿಂದಲೇ ಶುರುವಾಗುತ್ತಿತ್ತು. ಕೊಟ್ಟ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡು ಹೊರಗೆ ನಡೆದ. ತಪ್ಪು ಮಾಡಿದವನು ಮಾತ್ರ ಹೀಗೆ ಮೌನವಾಗಿ ಹೋಗುತ್ತಾನೆ ಎಂದು ಪ್ರಭಾಕರನ್ ಮನಸ್ಸಿನಲ್ಲೇ ತನಗೆ ಶಹಬ್ಬಾಸ್ ಹೇಳಿಕೊಂಡ.

ಕಂಬಂ ಹೇಗೋ ಗೆದ್ದು ಫೈನಲ್ ಸೇರಿತು. ಕೆಂಪು ಕಾರ್ಡಿನಿಂದಾಗಿ ಸುಂದರ್ ಫೈನಲ್ಲಿಗಿಲ್ಲ. ಕಂಬದವರು ಲೀಗಿನ ಶಿಸ್ತು ಸಮಿತಿಗೆ ದೂರು ಕೊಟ್ಟರು. ಸಂಜೆಯೊಳಗೆ ಟೀ ಅಂಗಡಿಗಳಲ್ಲಿ ಮೂರು ಪಕ್ಷ ಹುಟ್ಟಿಕೊಂಡವು. ರೆಫರಿಗೆ ಬೈದದ್ದು ತಪ್ಪು ಎನ್ನುವವರು ಒಂದು ಕಡೆ. ಆ ರೆಫರಿಗೆ ಬೈಯದಿದ್ದದ್ದು ತಪ್ಪು ಎನ್ನುವವರು ಇನ್ನೊಂದು ಕಡೆ. ಹುಡುಗ ಯಾರಿಗೂ ಬೈಯಲಿಲ್ಲ, ತನ್ನ ಜರ್ಸಿಯ ಮೇಲಿದ್ದ ಚಿತ್ರವನ್ನು ಓದಿದ ಅಷ್ಟೇ ಎನ್ನುವವರು ಮೂರನೆಯ ಕಡೆ.

ಪ್ರಭಾಕರನ್‌ಗೆ ಬೆಳಕಾದದ್ದು ಮನೆಯಲ್ಲಿ. ನಡೆದದ್ದನ್ನು ಹೆಮ್ಮೆಯಿಂದ ಹೇಳಿದ. ಪೊನ್ನುತಾಯಿ ದೋಸೆಹಿಟ್ಟಿನ ಸೌಟು ಹಿಡಿದುಕೊಂಡೇ ಕೆಳಗೆ ಕೂತಳು.

“ಲೋ, ಅವುನು ಮಾಡು ಅಂದ್ನಾ? ಮಾಡು ಅಂದ್ರೆ ಸೆಯ್ ಕಣಾ, ಸೆಯ್,” ಎಂದು ತಮಿಳಿನಲ್ಲಿ ಅರ್ಥ ಹೇಳಿದಳು. “ದಿನಾ ಬೆಳಿಗ್ಗೆ ಸ್ನಾನ ಮಾಡು, ಸ್ನಾನ ಮಾಡು ಅಂತ ಬಡ್ಕೋತೀನಲ್ಲ, ಅದ್ನ ಏನಂತ ತಿಳ್ಕಂಡೆ ಇಷ್ಟು ದಿನ?”

“ಸ್ನಾನ ಗೊತ್ತಿತ್ತು. ಮಿಕ್ಕಿದ್ದು ಬೈಗುಳ ಅಂದುಕೊಂಡೆ,” ಎಂದ ಪ್ರಭಾಕರನ್, ತಮಿಳಿನಲ್ಲಿ.

ಅಷ್ಟರಲ್ಲಿ ಅಭಿರಾಮಿಯ ಫೋನು.

“ಬಾವಾ, ಸುಂದರ ಮಾಡು ಅಂದದ್ದು ನಿಮ್ಗೆ ಏನಂತ ಕೇಳುಸ್ತು?”

ಪ್ರಭಾಕರನ್ ಅಭ್ಯಾಸಬಲದಿಂದ ಮುಗುಳ್ನಕ್ಕು ತಲೆಯಾಡಿಸಿದ. ಫೋನಿನಲ್ಲಿ ಅದು ಕಾಣುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿತ್ತು.

“ಎತ್ತು ಈದಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರ್ನ ಕೇಳಿದ್ದೆ. ಏನೂ ಈಯದೇನೆ ಎತ್ತು ಕಂಡೋರ್ನ ಈಗ್ಲೇ ನೋಡಿದ್ದು. ನಾಳೆ ನಾನು ಅಡುಗೆ ಮಾಡು ಅಂದ್ರೆ ಏನು ಹಿಡ್ಕಂಡು ಬರ್ತೀರಿ?”

“ಅಭಿರಾಮಿ…”

“ಕಾರ್ಡು ಕೊಟ್ಟಿದ್ಕೆ ಬೇಜಾರಿಲ್ಲೆ ಬಾವಾ. ತಮ್ಮ ಒಂದು ಆಟ ಹೊರ್ಗೆ ಕೂತ್ರೆ ಮನೆ ಮುಳುಗಲ್ಲ. ಆದ್ರೆ ಬರ್ತದೆ ಅಂದ್ರಲ್ಲ. ದಿಂಡಿಗಲ್ಲಿಗೆ ಕಮಿಟಿಗೆ ನಾನೂ ಬರ್ತೀನಿ. ಅಲ್ಲಿ ನೀವು ಏನು ಹೇಳ್ತೀರೋ ಕೇಳಿ, ಆಮೇಲೆ ನಿಶ್ಚಯದ ಮಾತು.”

ಶಿಸ್ತು ಸಮಿತಿ ಕೂಡಿದ್ದು ದಿಂಡಿಗಲ್ಲಿನ ಒಂದು ಬಿರಿಯಾನಿ ಹೋಟೆಲಿನ ಮಹಡಿಯ ಮೇಲಿನ ಎ.ಸಿ. ಕೋಣೆಯಲ್ಲಿ. ತಂಗರಾಜ್ ಅಧ್ಯಕ್ಷರು. ನೋಟೀಸುಗಳ ತಮಿಳು ಶುದ್ಧವಾಗಿರಲಿ ಎಂದು ಸೇರಿಸಿಕೊಂಡ ನಿವೃತ್ತ ತಮಿಳು ಟೀಚರ್ ತಮಿಳರಸಿ ಒಬ್ಬರು. ಮೂರನೆಯವರು ಲೀಗಿನ ವೈದ್ಯ ಚಿನ್ನತಂಬಿ. ಅವರು ಪಶುವೈದ್ಯರು. ಮಂಡಿನೋವಿಗೆ ಅವರು ಹಚ್ಚುವ ಮುಲಾಮು ಬಹಳ ಜೋರಾಗಿದ್ದರಿಂದ ಆಟಗಾರರು ಬಿದ್ದಕೂಡಲೇ ಎದ್ದುಬಿಡುತ್ತಿದ್ದರು. ಪೆನಾಲ್ಟಿಗಾಗಿ ಸುಳ್ಳುಸುಳ್ಳೇ ಬೀಳುವುದನ್ನು ನಿಲ್ಲಿಸಿದ ಕೀರ್ತಿ ಅವರದು. ವಿಚಾರಣೆಯ ವಿಷಯ ದನ ಎಂದು ಕೇಳಿ, ಈ ಲೀಗಿನಲ್ಲಿ ಮೊದಲ ಸಲ ತಮ್ಮ ಶಾಸ್ತ್ರದ ಕೆಲಸ ಸಿಕ್ಕಿತೆಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

ಯಾರೋ ಫೋನಿನಲ್ಲಿ ಹಿಡಿದಿದ್ದ ದೃಶ್ಯವನ್ನು ಮತ್ತೆ ಮತ್ತೆ ಹಾಕಿದರು. ಮಾತು ಸ್ಪಷ್ಟವಾಗಿತ್ತು. ಇನ್ನಷ್ಟು ಸ್ಪಷ್ಟವಾಗಲಿ ಎಂದು ತಂಗರಾಜ್ ಅದನ್ನು ನಿಧಾನ ಮಾಡಿಸಿದರು. ನಿಧಾನದಲ್ಲಿ ಸುಂದರನ ‘ಮಾ’ ಉದ್ದವಾಗಿ, ಕರು ಕಾಣದ ಹಸುವಿನ ಕೂಗಿನ ಹಾಗೆ ಕೋಣೆಯನ್ನೆಲ್ಲ ತುಂಬಿತು. ಕೆಳಗಿನಿಂದ ಸರ್ವರ್ ಬಂದು ಇಣುಕಿ ಹೋದ.

“ಇದು ಹಸು,” ಎಂದರು ಚಿನ್ನತಂಬಿ ಗಂಭೀರವಾಗಿ.

“ಡಾಕ್ಟರೇ, ಇದು ಹುಡುಗ,” ಎಂದರು ತಂಗರಾಜ್.

ಮಗನ ಪರ ವಾದಿಸಲು ಲಕ್ಷ್ಮಣನ್ ಎದ್ದರು. ಜರಿ ಅಂಚಿನ ವೇಷ್ಟಿ, ತಮಿಳಿನಲ್ಲೇ ವಾದ. “ಒಂದು, ನನ್ನ ಮಗ ಅಂದದ್ದು ನಮ್ಮ ಭಾಷೆಯ ಮಾಡು. ದನ ಅನ್ನಲಿಲ್ಲ. ಎರಡು, ದನ ಅಂದಿದ್ದರೂ ಅದು ಬೈಗುಳವಲ್ಲ. ಕಂಬದಲ್ಲಿ ನಮ್ಮವರ ದೇವರ ದನಗಳಿವೆ. ಮಾಟ್ಟುಪೊಂಗಲ್ ಹಬ್ಬಕ್ಕೆ ಹೋಗಿ ಕೈಮುಗಿಯುತ್ತೇವೆ. ಪಟ್ಟದ ಹೋರಿಯ ಎದುರು ಚಪ್ಪಲಿ ಬಿಟ್ಟು ನಿಲ್ಲುತ್ತೇವೆ. ನಮ್ಮ ಬಾಯಲ್ಲಿ ದನ ಅನ್ನಿಸಿಕೊಳ್ಳುವುದಕ್ಕೆ ಪುಣ್ಯ ಮಾಡಿರಬೇಕು.”

“ಹಾಗಾದರೆ ರೆಫರಿಯನ್ನು ಹೊಗಳಿದ ಅಂತಾಯಿತು,” ಎಂದರು ತಂಗರಾಜ್.

“ಹೊಗಳಿದ.”

“ತೀರ್ಪು ಬೇಕಾದಾಗ ರೆಫರಿಯನ್ನು ಹೊಗಳುವುದಕ್ಕೆ ಲಂಚ ಅನ್ನುತ್ತಾರೆ ಅಣ್ಣೇ.”

ಲಕ್ಷ್ಮಣನ್ ಒಂದು ಗುಟುಕು ನೀರು ಕುಡಿದರು. “ಹಾಗಾದರೆ ಮೊದಲನೆಯ ವಾದವೇ ಇರಲಿ.”

ಆಗ ತಮಿಳರಸಿ ಟೀಚರ್ ಕನ್ನಡಕ ಸರಿಮಾಡಿಕೊಂಡು ರೆಫರಿಯ ಕಡೆ ತಿರುಗಿದರು. “ತಂಬಿ, ನೀನೂ ಇದೇ ಜನ ಅಲ್ಲವೇ? ನಿನಗೆ ಕನ್ನಡ ಬರುತ್ತದೆಯೇ, ಇಲ್ಲವೇ? ಬರುತ್ತದೆ ಅಂದರೆ, ಅರ್ಥ ತಿಳಿದೂ ಬೇಕೆಂದೇ ಕಾರ್ಡು ಕೊಟ್ಟೆ. ಸೀಟಿ ವಾಪಸ್ಸು ಇಟ್ಟು ಹೋಗು. ಬರುವುದಿಲ್ಲ ಅಂದರೆ ಪ್ರಾಮಾಣಿಕ ತಪ್ಪು, ಸೀಟಿ ನಿನ್ನದೇ.”

ಕೈತೊಳೆಯುವ ಬೇಸಿನ್ನಿನ ಪಕ್ಕದ ಕುರ್ಚಿಯಲ್ಲಿ ಅಭಿರಾಮಿ ಕೂತಿದ್ದಳು. ಬರುತ್ತದೆ ಎಂದರೆ ಸೀಟಿ ಹೋಯಿತು, ಬರುವುದಿಲ್ಲ ಎಂದರೆ ಅವಳು ಹೋದಳು. ಅತ್ತ ದರಿ, ಇತ್ತ ಪುಲಿ, ನಡುವೆ ಬಿರಿಯಾನಿಯ ಘಮ. ಪ್ರಭಾಕರನ್ ಮುಗುಳ್ನಗಲು ನೋಡಿದ. ತುಟಿ ಒಪ್ಪಲಿಲ್ಲ. ‘ತೆರಿಯಾದು’, ಬರುವುದಿಲ್ಲ ಎಂಬ ತಮಿಳು ಮಾತು ಗಂಟಲಲ್ಲಿ ಸಿದ್ಧವಾಗಿತ್ತು, ನಾಲ್ಕೇ ಅಕ್ಷರ. ಅಭಿರಾಮಿ ಅವನನ್ನೇ ನೋಡುತ್ತಿದ್ದಳು, ಗಾಜಿನ ಪಟ್ಟಿಯ ಮೇಲಿನ ಹನಿಯನ್ನು ನೋಡುವ ಹಾಗೆ.

“ನಂಗೆ,” ಎಂದ ಪ್ರಭಾಕರನ್, ಕನ್ನಡದಲ್ಲಿ. ಮುಂದಿನ ಪದ ಎಲ್ಲಿದೆ ಎಂದು ಒಳಗೆ ತಡಕಿದ. “ನಂಗೆ ನಮ್ಮ ಮಾತು ಸೆರಿಯಾಗಿ ಬರಾದಿಲ್ಲ. ಬಂದಿದ್ರೆ… ಆ ಕಾರ್ಡು ಈಚೆ ಬರ್ತಿರ್ಲಿಲ್ಲ. ಅವ್ವ ಬರ್ತದೆ ಅಂದ್ಲು, ನಾನು ತಲೆ ಆಡುಸ್ದೆ. ಇನ್ನು ಕಲೀತೀನಿ.”

ಜೀವಮಾನದಲ್ಲಿ ಅವನಾಡಿದ ಅತಿ ಉದ್ದದ ಕನ್ನಡ ಅದು. ಲಕ್ಷ್ಮಣನ್ ಬಾಯಿ ತೆರೆದು ಕೂತರು; ಅಕ್ಕನ ಮಗನ ಕಂಠ ಹೀಗಿರುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಸಮಿತಿಗೆ ಒಂದಕ್ಷರ ಅರ್ಥವಾಗಲಿಲ್ಲ. “ಏನಂದ?” ಎಂದು ತಂಗರಾಜ್ ಲಕ್ಷ್ಮಣನ್ನರನ್ನು ಕೇಳಿದರು.

ಲಕ್ಷ್ಮಣನ್ ಮಗನ ಫೈನಲ್ ನೆನೆದುಕೊಂಡರು. “ಬರುತ್ತದೆ ಅಂದ.”

“ಅಷ್ಟಕ್ಕೆ ಇಷ್ಟುದ್ದ ಮಾತೇ?” ಎಂದರು ಟೀಚರ್.

“ನಮ್ಮ ಭಾಷೆ ಸ್ವಲ್ಪ ನಿಧಾನ.”

“ಸುಳ್ಳು,” ಎಂದಳು ಅಭಿರಾಮಿ ಬೇಸಿನ್ನಿನ ಪಕ್ಕದಿಂದ, ತಮಿಳಿನಲ್ಲಿ. “ಅಪ್ಪ ಮಗನಿಗಾಗಿ ಹೇಳುತ್ತಿದ್ದಾರೆ. ಬಾವ ಅಂದದ್ದು ಬರುವುದಿಲ್ಲ ಅಂತ. ಕನ್ನಡದಲ್ಲಿ ಅಂದರು.”

ಸಮಿತಿ ತಲೆ ಮೇಲೆ ಕೈಹೊತ್ತು ಕೂತಿತು. ಕನ್ನಡ ಬರುವುದಿಲ್ಲ ಎಂದು ಕನ್ನಡದಲ್ಲಿ ಹೇಳುವವನಿಗೆ ಕನ್ನಡ ಬರುತ್ತದೆಯೋ ಇಲ್ಲವೋ? ಉತ್ತರ ನಿಜವಾದರೆ ಅದನ್ನು ಹೇಳಲು ಸಾಧ್ಯವಿಲ್ಲ, ಹೇಳಿದ್ದರಿಂದ ನಿಜವಲ್ಲ ಎಂದರು ಟೀಚರ್. ಹೋರಿಗಳಲ್ಲೂ ಇಂಥವಿರುತ್ತವೆ, ಕುಂಟುತ್ತಲೇ ಓಡುತ್ತವೆ ಎಂದರು ಚಿನ್ನತಂಬಿ. ಅಷ್ಟರಲ್ಲಿ ಬಿರಿಯಾನಿ ಬಂತು. ಬಾಳೆಎಲೆ ಹಾಸಿದ ಮೇಲೆ ತರ್ಕ ಬೇಗ ಮುಗಿಯಿತು.

ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ತಂಗರಾಜ್ ಬೆರಳು ಚೀಪಿಕೊಂಡು ತೀರ್ಪು ಹೇಳಿದರು. ರೆಫರಿಯ ನಿರ್ಧಾರವೇ ಅಂತಿಮ, ಆದ್ದರಿಂದ ಕೆಂಪು ಕಾರ್ಡು ಇದ್ದಹಾಗೇ ಇರುತ್ತದೆ. ಶಿಕ್ಷೆ ಎಷ್ಟು ಎಂಬುದು ಸಮಿತಿಯ ಕೈಯಲ್ಲಿದೆ. ಸುಂದರನಿಗೆ ಸೊನ್ನೆ ಪಂದ್ಯಗಳ ಅಮಾನತು. ಫೈನಲ್ಲಿನಲ್ಲಿ ಸೀಟಿ ಬೇರೆಯವರಿಗೆ. ಪ್ರಭಾಕರನ್ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲತಕ್ಕದ್ದು. ಬಾವುಟದ ಕೆಲಸಕ್ಕೆ ಕಿವಿ ಬೇಕಾಗಿಲ್ಲ.

ಮೆಟ್ಟಿಲಿಳಿಯುವಾಗ ಅಭಿರಾಮಿ ಒಂದು ಮೆಟ್ಟಿಲು ಹಿಂದಿದ್ದಳು.

“ಬರಾದಿಲ್ಲ ಅನ್ನಾದಾದ್ರೂ ಬಂತಲ್ಲ,” ಎಂದಳು.

“ನಿಶ್ಚಯ?” ಎಂದ ಪ್ರಭಾಕರನ್.

“ಆಟ ಇನ್ನೂ ಮುಗ್ದಿಲ್ಲೆ.”

ಫೈನಲ್ ದಿಂಡಿಗಲ್ಲಿನಲ್ಲೇ, ಬಿರುಬಿಸಿಲಿನ ಮಧ್ಯಾಹ್ನ. ಎದುರು ‘ದಿಂಡಿಗಲ್ ಬೀಗ’ ತಂಡ. ಹೆಸರಿಗೆ ತಕ್ಕ ಹಾಗೆ ಒಂದು ಗೋಲು ಹೊಡೆದು ಬಾಗಿಲು ಹಾಕಿಕೊಂಡು ಕೂತಿತ್ತು. ಪ್ರಭಾಕರನ್ ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡುತ್ತಿದ್ದ. ಅವನ ಬೆನ್ನ ಹಿಂದಿನ ಗ್ಯಾಲರಿಯಲ್ಲೇ ಕಂಬದ ಜನ, ಅವರ ನಡುವೆ ಅವ್ವ, ಮಾಮ, ಅಭಿರಾಮಿ. ಈ ಸಲ ಅವನು ತಿರುಗಿ ನೋಡಲಿಲ್ಲ. ಆ ವಾರವಿಡೀ ದ್ರಾಕ್ಷಿಯ ಎದುರು ಕನ್ನಡ ಮಾತಾಡಿ ಅಭ್ಯಾಸ ಮಾಡಿದ್ದ; ಅವು ಎಂದಿನಂತೆ ಎದುರು ಹೇಳಿರಲಿಲ್ಲ.

ಕೊನೆಗಳಿಗೆಯಲ್ಲಿ ಸುಂದರ್ ಬೀಗ ಮುರಿದು ಒಳನುಗ್ಗಿದ. ಚೆಂಡು ಬಲೆಗೆ. ಕಂಬದ ಗ್ಯಾಲರಿ ಎದ್ದು ಕುಣಿಯಿತು. ಕುಣಿತ ಅರ್ಧಕ್ಕೆ ನಿಂತಿತು. ಪ್ರಭಾಕರನ್‌ನ ಬಾವುಟ ಮೇಲಿತ್ತು. ಚೆಂಡು ಬರುವಾಗ ಸುಂದರ್ ಎದುರಾಳಿಯ ಕೊನೆಯವನಿಗಿಂತ ಒಂದು ಹಿಮ್ಮಡಿಯಷ್ಟು ಮುಂದಿದ್ದ. ಆಫ್‌ಸೈಡ್.

ಸುಂದರ್ ಓಡಿ ಬಂದ. ಸಮಿತಿಯ ಎದುರೇ ಗುಟ್ಟು ಒಡೆದ ಮೇಲೆ ಈಗ ಅವನಿಗೆ ಯಾವ ಆಣೆಯೂ ಇರಲಿಲ್ಲ. “ಬಾವಾ, ಇಳ್ಸು ಬಾವಾ. ಬಾವುಟ ಇಳ್ಸು. ನಮ್ಮಕ್ಕನ ಮಕ ನೋಡು ಬಾವಾ.”

ಇಡೀ ಮೈದಾನಕ್ಕೆ ಸಂಬಂಧ ಗೊತ್ತಾಯಿತು. ಆದರೆ ಪ್ರಭಾಕರನ್ ಬೆರಗಾದದ್ದು ಬೇರೆಯದಕ್ಕೆ. ಒಂದೊಂದು ಮಾತೂ ತಮಿಳಿನ ದಾರಿ ಹಿಡಿಯದೆ, ನಡುವೆ ಎಲ್ಲೂ ಇಳಿಯದೆ, ನೇರ ಬಂದು ಮುಟ್ಟಿತ್ತು. ಉತ್ತರವೂ ಹಾಗೇ ಹೊರಟಿತು.

“ಇಳ್ಸಲ್ಲ. ನೀನು ಮುಂದ್ಕೆ ಇದ್ದೆ. ಸುಮ್ನೆ ಓಗಿ ಆಡು.”

ಸುಂದರ್ ದಂಗಾಗಿ ನಿಂತ. ಎಂಥ ತೀರ್ಪು ಎಂಬುದಕ್ಕಿಂತ ಎಂಥ ಭಾಷೆ ಎಂಬುದೇ ಅವನಿಗೆ ದೊಡ್ಡ ಪೆಟ್ಟಾಗಿತ್ತು. ಪಂದ್ಯ ಮುಗಿಯಿತು. ಕಂಬಂ ಸೋತಿತು. ಗ್ಯಾಲರಿ ಗಪ್ಪಾಗಿದ್ದ ಆ ಗಳಿಗೆಯಲ್ಲಿ ಪ್ರಭಾಕರನ್‌ನ ಬೆನ್ನಿಗೆ ಸರಿಯಾಗಿ, ಲ್ಯಾಬಿನಲ್ಲಿ ಸೂಜಿ ಚುಚ್ಚಿದಷ್ಟು ನೇರವಾಗಿ, ಅಭಿರಾಮಿಯ ದನಿ ಬಂದು ನಾಟಿತು.

“ಮಾಡು.”

ಒಂದೇ ಮಾತು, ಒಂದೇ ಸಲ. ಯಾವ ಭಾಷೆ ಎಂದು ಅವನು ಯಾರನ್ನೂ ಕೇಳಬೇಕಾಗಲಿಲ್ಲ. ಕೈ ಅಭ್ಯಾಸಬಲದಿಂದ ಎದೆಯ ಜೇಬಿಗೆ ಹೋಯಿತು. ಜೇಬು ಖಾಲಿ, ಬಾವುಟದವನಿಗೆ ಕಾರ್ಡು ಕೊಟ್ಟಿರುವುದಿಲ್ಲ.

“ಕೇಳ್ತಾ ಲಕ್ಷ್ಮಣಾ,” ಎನ್ನುತ್ತಿದ್ದಳು ಪೊನ್ನುತಾಯಿ ಹಿಂದಿನಿಂದ, ತಮ್ಮನಿಗೆ. “ಕಟ್ಟಿಕೊಂಡ ಗಂಡುನ್ನ ಬೈದಂಗೇ ಬೈತಾಳೆ. ಓಗಿ ನಿಶ್ಚಯಕ್ಕೆ ವೀಳ್ಯದೆಲೆ ತಾ.”

ಪ್ರಭಾಕರನ್ ತಿರುಗಿ, ಮುಗುಳ್ನಕ್ಕು, ತಲೆಯಾಡಿಸಿದ. ಬಾವುಟ ಇನ್ನೂ ಮೇಲೇ ಇತ್ತು.